ಲೆದರ್ ಶೋ ಹಾಲ್ಟರ್ ಸೆಟ್ ರಿವ್ಯೂ: ಬೆಳ್ಳಿ ಕಡಿಮೆ ಇದ್ರೂ ನಡೆಯುತ್ತೆ, ಅಳತೆ ಮಾತ್ರ ಸರಿ ಇರಬೇಕು

ಕುದುರೆ ಶೋಗಳ ಹಾಲ್ಟರ್ ಕ್ಲಾಸ್‌ಗೆ ಹೊಸದಾಗಿ ಇಳಿಯುವವರು ಕುದುರೆ ಬಿಟ್ಟರೆ ಮೊದಲು ದುಡ್ಡು ಸುರಿಯುವುದು ಶೋ ಹಾಲ್ಟರ್ ಮೇಲೆ, ಅಂದರೆ ಶೋನಲ್ಲಿ ಕುದುರೆಯ ತಲೆಗೆ ಹಾಕುವ ಪಟ್ಟಿಗಳ ಕಟ್ಟಿನ ಮೇಲೆ. ನಾನು ತೆಗೆದುಕೊಂಡದ್ದು ಆನ್‌ಲೈನ್ ಅಂಗಡಿಯೊಂದರ ಹೊಸಬರ ಸೆಟ್. ಬೆಳ್ಳಿ ಬಣ್ಣದ ಪಟ್ಟಿ ಕೂರಿಸಿದ ಲೆದರ್ ಹಾಲ್ಟರ್, ಅದಕ್ಕೆ ಜೋಡಿಯಾಗಿ ಚೈನ್ ಇರುವ ಲೆದರ್ ಲೀಡ್ (ಕುದುರೆಯನ್ನು ಹಿಡಿದು ನಡೆಸುವ ಪಟ್ಟಿ), ಮುಖಕ್ಕೆ ಹಚ್ಚುವ ಎಣ್ಣೆಯ ಒಂದು ಸಣ್ಣ ಡಬ್ಬಿ. ಕ್ವಾರ್ಟರ್ ಹಾರ್ಸ್, ಪೇಂಟ್, ಅಪ್ಪಲೂಸಾ ಥರದ ಅಮೆರಿಕದ ಸ್ಟಾಕ್ ತಳಿಯ (ದನ ಕಾಯುವ ಕೆಲಸಕ್ಕೆ ಒಗ್ಗಿದ ತಳಿಯ) ಕುದುರೆಗಳಿಗೆ ಹಾಕುವ ಮಾದರಿ ಇದು. ನನ್ನ ಎರಡು ವರ್ಷದ ಹೆಣ್ಣು ಕುದುರೆಗೆ ಒಂದು ಪೂರ್ತಿ ಸೀಸನ್ ಇದನ್ನೇ ಬಳಸಿದ್ದೇನೆ. ಹಾಲ್ಟರ್‌ಗೆ 5ಕ್ಕೆ 4 ಕೊಡುತ್ತೇನೆ, ಚೈನ್ ಲೀಡ್‌ಗೆ 3, ಎಣ್ಣೆ ಡಬ್ಬಿಗೆ 2. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಈ ಕ್ಲಾಸ್‌ನಲ್ಲಿ ಏನು ನೋಡುತ್ತಾರೆ ಅನ್ನುವುದು ಗೊತ್ತಿಲ್ಲದೆ ಹಾಲ್ಟರ್ ಆರಿಸುವುದು ಕಷ್ಟ. ಇಲ್ಲಿ ಸವಾರಿ ಇಲ್ಲ, ಜೀನು ಇಲ್ಲ. ಕುದುರೆಯ ಮೈಕಟ್ಟನ್ನೇ ನೋಡಿ ಸ್ಥಾನ ಕೊಡುತ್ತಾರೆ. 1940ರಲ್ಲಿ ಶುರುವಾದ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ನಿನ ನಿಯಮದಲ್ಲಿ ನೋಡುವ ವಿಷಯಗಳು ಸ್ಪಷ್ಟವಾಗಿವೆ. ದೇಹದ ಸಮತೋಲ, ಮೂಳೆ ಮತ್ತು ಕಾಲುಗಳ ಸರಿಯಾದ ಜೋಡಣೆ, ತಳಿಯ ಲಕ್ಷಣ, ಗಂಡು ಹೆಣ್ಣಿನ ಲಕ್ಷಣ, ಸ್ನಾಯು. ಇದರಲ್ಲಿ ಸಮತೋಲಕ್ಕೇ ಮೊದಲ ಮರ್ಯಾದೆ. ಶೋಮನ್‌ಶಿಪ್ ಅಂತ ಇನ್ನೊಂದು ಕ್ಲಾಸ್ ಇದೆ, ಅದರಲ್ಲಿ ಕುದುರೆ ಹಿಡಿದವರ ಕೈಚಳಕಕ್ಕೆ ಅಂಕ. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಸಾಮಾನು ಕೊಳ್ಳುತ್ತಾರೆ. ಹಾಲ್ಟರ್ ಕ್ಲಾಸ್‌ನಲ್ಲಿ ನಿಮ್ಮ ಕೆಲಸ ಕುದುರೆಯನ್ನು ಚೆನ್ನಾಗಿ ಕಾಣುವಂತೆ ನಿಲ್ಲಿಸುವುದು, ಜಡ್ಜ್ ಕಣ್ಣಿಗೆ ಅಡ್ಡ ಬರದೆ ಇರುವುದು. ಹಾಲ್ಟರ್ ಕೆಲಸವೂ ಅಷ್ಟೇ. ತಲೆಯ ಅಂದ ಎತ್ತಿ ತೋರಿಸಬೇಕು, ಮುಚ್ಚಬಾರದು.

ಈ ಸೆಟ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಹೊಂದಿಸುವ ಅವಕಾಶ. ತಲೆಪಟ್ಟಿಗೆ ಎಡ ಬಲ ಎರಡೂ ಕಡೆ ಬಕಲ್ ಇದೆ. ಗದ್ದದ ಕೆಳಗಿನ ಪಟ್ಟಿಗೂ ಬಕಲ್ ಇದೆ. ಕಡಿಮೆ ಬೆಲೆಯ ಎಷ್ಟೋ ಹಾಲ್ಟರ್‌ಗಳಲ್ಲಿ ಎಡಗಡೆ ಒಂದೇ ಬಕಲ್ ಇರುತ್ತದೆ, ಬಿಗಿ ಮಾಡಿದರೆ ಇಡೀ ಹಾಲ್ಟರ್ ಒಂದು ಕಡೆಗೆ ವಾಲುತ್ತದೆ, ಎದುರಿನಿಂದ ನೋಡಿದರೆ ಕುದುರೆಯ ಮುಖವೇ ಸೊಟ್ಟ ಅನ್ನಿಸುತ್ತದೆ. ಎರಡು ಕಡೆ ಬಕಲ್ ಇದ್ದರೆ ಎರಡನ್ನೂ ಒಂದೇ ರಂಧ್ರಕ್ಕೆ ಹಾಕಿದರಾಯಿತು.

ಅಳತೆ ಹೀಗೆ ನೋಡಿ. ಮೂಗಿನ ಪಟ್ಟಿ ಕೆನ್ನೆ ಮೂಳೆಯ ತುದಿಯಿಂದ ಸುಮಾರು ಎರಡು ಬೆರಳು ಕೆಳಗೆ ಕೂರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಜಾಗ ಬರುತ್ತದೆ, ಅಲ್ಲಿ ಒತ್ತಡ ಬಿದ್ದರೆ ಕುದುರೆಗೆ ಉಸಿರಾಟಕ್ಕೂ ತೊಂದರೆ, ನೋವೂ ಹೌದು. ತೀರಾ ಮೇಲೆ ಹೋದರೆ ಪಟ್ಟಿ ಕೆನ್ನೆ ಮೂಳೆಗೆ ಉಜ್ಜುತ್ತದೆ, ತಲೆಯೂ ಗಿಡ್ಡವಾಗಿ ಕಾಣುತ್ತದೆ. ಗಂಟಲ ಕಡೆಯ ಪಟ್ಟಿ ದವಡೆಯ ಹಿಂದೆ ಸರಿಯಾಗಿ ಅಂಟಿಕೊಂಡಂತೆ ಇರಬೇಕು. ದಿನಬಳಕೆಯ ನೈಲಾನ್ ಹಾಲ್ಟರ್‌ಗಿಂತ ಶೋ ಹಾಲ್ಟರ್ ಸ್ವಲ್ಪ ಬಿಗಿಯಾಗಿಯೇ ಕೂರುತ್ತದೆ, ಅದು ಸರಿಯೇ. ಆದರೆ ಮೂಗಿನ ಪಟ್ಟಿಯೊಳಗೆ ಬೆರಳು ಹೋಗಬೇಕು, ಕುದುರೆ ಬಾಯಿ ಆಡಿಸಬೇಕು. ಇದು ಕಡ್ಡಾಯ.

ನನಗೆ ಬಂದದ್ದು ಇಯರ್ಲಿಂಗ್ ಸೈಜ್, ಅಂದರೆ ಒಂದು ವರ್ಷದ ಕುದುರೆಯದು. ಸೈಜ್ ಪಟ್ಟಿಯಲ್ಲಿ ವಯಸ್ಸು ನೋಡಿ ಆರಿಸಿ ಅಂತ ಬರೆದಿದ್ದರು. ಇದು ನನ್ನ ದೊಡ್ಡ ದೂರು. ಎರಡು ವರ್ಷದ ಕುದುರೆಗಳಲ್ಲಿ ಒಂದರ ತಲೆ ಪೂರ್ತಿ ಬೆಳೆದಿರುತ್ತದೆ, ಇನ್ನೊಂದರದು ಪುಟ್ಟದಾಗಿಯೇ ಇರುತ್ತದೆ. ವಯಸ್ಸಿಗೆ ಸೈಜ್ ಕೊಡುವುದರಲ್ಲಿ ಅರ್ಥವೇ ಇಲ್ಲ. ಅದಕ್ಕೇ ಆರ್ಡರ್ ಮಾಡುವ ಮೊದಲು ನಾನು ಟೇಪ್ ಹಿಡಿದು ಅಳೆದಿದ್ದೆ. ಮೂಗಿನ ಸುತ್ತಳತೆ, ಒಂದು ಕಡೆಯ ಮೂಗುಪಟ್ಟಿ ರಿಂಗ್‌ನಿಂದ ಕಿವಿ ಹಿಂದೆ ಹಾದು ಇನ್ನೊಂದು ಕಡೆಯ ರಿಂಗ್‌ವರೆಗೆ, ಕೆನ್ನೆಯ ಉದ್ದ. ಅಂಗಡಿಗೆ ಈ ಮೂರು ಅಳತೆ ಬರೆದು ಕೇಳಿದೆ. ಅವರು ತಾವಾಗಿಯೇ ಒಂದು ಸೈಜ್ ಚಿಕ್ಕದು ಕಳಿಸಿ, ಆಗದಿದ್ದರೆ ಬದಲಾಯಿಸಿ ಕೊಡುತ್ತೇವೆ ಅಂದರು. ಸರಿಯಾಗಿ ಕೂತಿತು. ಉತ್ತರ ಕೊಟ್ಟವರಿಗೆ ಕುದುರೆ ಗೊತ್ತಿದೆ ಅನ್ನಿಸಿತು, ಅದಕ್ಕೆ ಮೆಚ್ಚುಗೆ. ಆ ಸೈಜ್ ಪಟ್ಟಿಯನ್ನು ಮಾತ್ರ ತಿದ್ದಬೇಕು, ಎಲ್ಲರೂ ಕೇಳಿ ಕೊಳ್ಳುವುದಿಲ್ಲ ಅಲ್ವಾ?

ಲೆದರ್ ಹೊಸದರಲ್ಲಿ ಬಿಗಿಯಾಗಿದ್ದು ಆಮೇಲೆ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಹೊಸ ಹಾಲ್ಟರ್ ನಡುವಿನ ರಂಧ್ರಕ್ಕೆ ಕೂರಬೇಕು. ಕೊನೆಯ ರಂಧ್ರಕ್ಕೆ ಹಾಕಿದಾಗ ಮಾತ್ರ ಸರಿಹೋಗುತ್ತಿದ್ದರೆ ವಾಪಸ್ ಕಳಿಸಿಬಿಡಿ.

ಈಗ ಬೆಳ್ಳಿಯ ಮಾತು. ಈ ಹಾಲ್ಟರ್ ಮೇಲಿರುವುದು ಜರ್ಮನ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದ್ದರೂ ಇದರಲ್ಲಿ ಬೆಳ್ಳಿ ಒಂಚೂರೂ ಇಲ್ಲ. ತಾಮ್ರ, ನಿಕಲ್, ಸತು ಸೇರಿಸಿ ಮಾಡಿದ ಲೋಹ. ಸ್ಟರ್ಲಿಂಗ್ ಅಂದರೆ 92.5 ಶೇಕಡಾ ಬೆಳ್ಳಿ, ಅದರ ಹೊಳಪೇ ಬೇರೆ, ಬೆಲೆಯೂ ಎಷ್ಟೋ ಪಟ್ಟು ಜಾಸ್ತಿ. ದೊಡ್ಡ ಶೋಗಳಲ್ಲಿ ಸ್ಟರ್ಲಿಂಗ್ ಕೂರಿಸಿದ ಹಾಲ್ಟರ್ ತುಂಬ ಕಾಣುತ್ತೀರಿ, ನೋಡಿದರೆ ಆಸೆಯಾಗುತ್ತದೆ, ನನಗೂ ಆಗುತ್ತದೆ. ಆದರೆ ಮೇಲೆ ಹೇಳಿದ ಐದು ವಿಷಯಗಳಲ್ಲಿ ಬೆಳ್ಳಿ ಎಲ್ಲೂ ಇಲ್ಲ. ಹೊಸಬರಿಗೆ ಕೆನ್ನೆ ಪಟ್ಟಿ ಮೇಲೆ ಒಂದಿಷ್ಟು ಲೋಹ, ಮೂಗಿನ ಪಟ್ಟಿ ಮೇಲೆ ಸ್ವಲ್ಪ, ಅಷ್ಟು ಸಾಕು. ಚಿಕ್ಕ ತಲೆಗೆ ಅಗಲವಾದ ಲೋಹದ ಪಟ್ಟಿ ಹೇರಿದರೆ ತಲೆ ಭಾರವಾಗಿ ಕಾಣುತ್ತದೆ. ನನ್ನ ಕುದುರೆಯ ಮೂತಿ ಸಣ್ಣ, ಕೆನ್ನೆ ದುಂಡು, ಅದಕ್ಕೆ ಈ ತೆಳು ಪಟ್ಟಿ ಚೆನ್ನಾಗಿ ಒಪ್ಪಿತು.

ಲೋಹದ ತುಂಡುಗಳ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ. ನನ್ನದರಲ್ಲಿ ಒಳಮೈ ನುಣುಪಾಗಿದೆ, ಸ್ಕ್ರೂ ತುದಿಗಳು ಲೆದರ್ ಪದರದ ಒಳಗೆ ಮುಚ್ಚಿವೆ. ಬರೀ ಮೇಲಿನ ಫೋಟೋ ನೋಡಿ ಇದು ಗೊತ್ತಾಗುವುದಿಲ್ಲ, ಒಳಭಾಗದ ಫೋಟೋ ಕೇಳಿ. ಹೊಲಿಗೆ ಒತ್ತಾಗಿದೆ, ಅಂಚು ಉಜ್ಜಿ ದುಂಡಗೆ ಮಾಡಿದ್ದಾರೆ. ಒಂದು ಸೀಸನ್ ಆದ ಮೇಲೂ ಎಲ್ಲೂ ದಾರ ಬಿಟ್ಟಿಲ್ಲ.

ಚೈನ್ ಲೀಡ್ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಕಡಿಮೆಯಾಗುತ್ತದೆ. ಹೊಸಬರ ಸೆಟ್ ಅಂತ ಮಾರುವವರು ಹೆಚ್ಚು ಕಾಳಜಿ ತೆಗೆದುಕೊಳ್ಳಬೇಕಾದದ್ದೇ ಇಲ್ಲಿ. ಚೈನ್ ಎಡಗಡೆ ಕೆಳಗಿನ ರಿಂಗ್‌ನೊಳಗೆ ಹೋಗಿ, ಗದ್ದದ ಕೆಳಗೆ ಹಾದು, ಬಲಗಡೆ ಕೆಳಗಿನ ರಿಂಗ್‌ನಿಂದ ಹೊರಬಂದು, ಬಲಗೆನ್ನೆಯ ಮೇಲಿನ ರಿಂಗ್‌ಗೆ ಸಿಕ್ಕಿಕೊಳ್ಳುತ್ತದೆ. ಚೈನ್ ತುದಿಯ ಸ್ನ್ಯಾಪ್ (ಕೊಕ್ಕೆ) ತೆರೆಯುವ ಭಾಗ ಮುಖದಿಂದ ಹೊರಕ್ಕೆ ತಿರುಗಿರಬೇಕು, ಇಲ್ಲದಿದ್ದರೆ ಕೆನ್ನೆಗೆ ಚುಚ್ಚುತ್ತದೆ. ಇಷ್ಟೆಲ್ಲ ಸುತ್ತಿದ ಮೇಲೆ ಎಡಗಡೆ ರಿಂಗ್‌ನಿಂದ ಚೈನ್ ಸ್ವಲ್ಪವೇ ಹೊರಗೆ ಉಳಿಯಬೇಕು, ಅಲ್ಲಿಂದ ಲೆದರ್ ಶುರುವಾಗಬೇಕು. ಯಾಕೆ ಅಂದರೆ ನಿಮ್ಮ ಕೈ ಲೆದರ್ ಮೇಲೆ ಇರಬೇಕು, ಚೈನ್ ಮೇಲಲ್ಲ. ಚೈನ್ ಹಿಡಿದಿರುವಾಗ ಕುದುರೆ ಬೆದರಿ ಎಳೆದರೆ ಅಂಗೈ ಹರಿದುಹೋಗುತ್ತದೆ.

ಸೆಟ್ ಜೊತೆ ಬಂದ ಚೈನ್ ದೊಡ್ಡ ಕುದುರೆಗೆ ಮಾಡಿದ 30 ಇಂಚಿನದು. ಹಾಲ್ಟರ್ ಮಾತ್ರ ಚಿಕ್ಕ ಸೈಜ್! ಚಿಕ್ಕ ತಲೆಗೆ ಅದು ಉದ್ದವಾಯಿತು, ಚೈನ್ ಹೊರಗೆ ಜೋಲುತ್ತಿತ್ತು. ಹಾಲ್ಟರ್ ಸೈಜ್‌ಗೆ ತಕ್ಕ ಚೈನ್ ಕೊಡುವುದು ಮಾರುವವರ ಕೆಲಸ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. 24 ಇಂಚಿನ ಚೈನ್ ಇರುವ ಬೇರೆ ಲೀಡ್ ಕೊಂಡ ಮೇಲೆ ಎಲ್ಲ ಸರಿಹೋಯಿತು. ಹೆಚ್ಚಿನ ಖರ್ಚು ಅದು, ಅದಕ್ಕೇ 3 ಅಂಕ.

ಚೈನ್ ಗುಣ ಮಾತ್ರ ಚೆನ್ನಾಗಿದೆ. ಕೊಂಡಿಗಳನ್ನು ತಿರುಚಿ ಚಪ್ಪಟೆ ಮಾಡಿದ್ದಾರೆ, ಹಾಗಾಗಿ ಗದ್ದದ ಕೆಳಗೆ ಮಟ್ಟಸವಾಗಿ ಕೂರುತ್ತದೆ, ಚುಚ್ಚುವುದಿಲ್ಲ. ಲೆದರ್ ಸೇರುವ ಕಡೆ ತಿರುಗುವ ಜೋಡಣೆ ಇದೆ, ಅದು ಇಲ್ಲದಿದ್ದರೆ ಚೈನ್ ಗಂಟು ಬೀಳುತ್ತಾ ಇರುತ್ತದೆ. ಉಳಿದ ಲೆದರ್ ಅನ್ನು ಎಡಗೈಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿಯಿರಿ. ಕೈಗೆ ಸುತ್ತಿಕೊಳ್ಳಲೇಬೇಡಿ. ಕುದುರೆ ಓಡಿದರೆ ಸುತ್ತು ಬಿಗಿದು ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ, ಬೆರಳು ಮುರಿಯುವುದು ಹೀಗೆಯೇ.

ಮುಖ್ಯವಾದ ಇನ್ನೊಂದು ಮಾತು. ಚೈನ್ ಕಲಿಸುವ ಸಾಧನ ಅಲ್ಲ. ಜೊತೆಯಲ್ಲಿ ನಡೆಯುವುದು, ನಿಲ್ಲು ಅಂದರೆ ನಿಲ್ಲುವುದು, ಹಿಂದೆ ಸರಿಯುವುದು, ಇವನ್ನೆಲ್ಲ ಮಾಮೂಲಿ ಹಾಲ್ಟರ್ ಮತ್ತು ಹತ್ತಿ ಹಗ್ಗದಲ್ಲಿ ಕಲಿಸಿ ಮುಗಿಸಿ. ಆಮೇಲೆ ಚೈನ್ ಪರಿಚಯ ಮಾಡಿಸಿ. ಎಳೆದರೆ ಒತ್ತಡ, ಕೈ ಸಡಿಲಿಸಿದ ಕೂಡಲೇ ಒತ್ತಡ ಮಾಯ, ಕುದುರೆ ಕಲಿಯುವುದು ಆ ಸಡಿಲಿಕೆಯಿಂದ. ಸದಾ ಬಿಗಿ ಹಿಡಿದರೆ ಕುದುರೆಗೆ ಏನೂ ಅರ್ಥವಾಗುವುದಿಲ್ಲ, ಸುಮ್ನೆ ತಲೆ ಎತ್ತಿ ಒದ್ದಾಡುತ್ತದೆ. ಚೈನ್ ಹಾಕಿದಾಗ ಕುದುರೆಯನ್ನು ಎಲ್ಲಿಗೂ ಕಟ್ಟಬೇಡಿ. ಶೋ ಹಾಲ್ಟರ್ ಹಾಕಿ ಮೇಯಲು ಬಿಡುವುದಂತೂ ಬೇಡವೇ ಬೇಡ. ಮೇಲ್ದುಟಿಯ ಒಳಗೆ ಒಸಡಿನ ಮೇಲೆ ಹಾಕುವ ಚೈನ್ ಬಗ್ಗೆ ಕೇಳುವವರಿದ್ದಾರೆ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ, ನೀವು ಇಳಿಯುವ ಶೋನ ಈ ವರ್ಷದ ನಿಯಮ ಪುಸ್ತಕ ಓದಿ. ನನ್ನ ಅಭಿಪ್ರಾಯ ಕೇಳಿದರೆ ಹೊಸಬರ ಕೈಗೆ ಅದು ಬೇಡ.

ಮೈದಾನದಲ್ಲಿ ಇದೆಲ್ಲ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ. ಕ್ವಾರ್ಟರ್ ಹಾರ್ಸ್ ಕ್ಲಾಸ್‌ಗಳಲ್ಲಿ ಒಂದೊಂದೇ ಕುದುರೆ ನಡೆದುಕೊಂಡು ಜಡ್ಜ್ ಹತ್ತಿರ ಬರುತ್ತದೆ. ಅಲ್ಲಿಂದ ನೇರವಾಗಿ ಕೋನ್‌ವರೆಗೆ ಟ್ರಾಟ್ (ನಿಧಾನ ಓಟ), ಎಡಕ್ಕೆ ತಿರುಗಿ ಬೇಲಿ ಕಡೆಗೆ ಟ್ರಾಟ್. ಕುಂಟು ಇದೆಯಾ ಅಂತ ನೋಡುವುದು ಇಲ್ಲೇ. ಆಮೇಲೆ ಒಂದರ ಹಿಂದೆ ಒಂದು ನಿಲ್ಲಿಸಿ, ಜಡ್ಜ್ ಎರಡೂ ಪಕ್ಕ, ಎದುರು, ಹಿಂದೆ ಎಲ್ಲ ಕಡೆಯಿಂದ ನೋಡುತ್ತಾರೆ. ಟ್ರಾಟ್‌ನಲ್ಲಿ ಚೈನ್ ಸಡಿಲವಾಗಿರಬೇಕು. ಬಿಗಿ ಹಿಡಿದರೆ ತಲೆ ಒಂದು ಕಡೆ ತಿರುಗುತ್ತದೆ, ಹೆಜ್ಜೆ ಏರುಪೇರಾಗುತ್ತದೆ, ಆರೋಗ್ಯವಾಗಿರುವ ಕುದುರೆಯೂ ಕುಂಟಿದಂತೆ ಕಾಣಬಹುದು. ಚೈನ್ ಉದ್ದದ ಬಗ್ಗೆ ನಾನು ಇಷ್ಟು ಹೇಳುವುದು ಇದಕ್ಕೇ. ಕೈ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಸಡಿಲ ಬಿಡುವ ಧೈರ್ಯ ಬರುತ್ತದೆ.

ನಿಲ್ಲಿಸುವಾಗ ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಸ್ಟಾಕ್ ತಳಿಗಳಲ್ಲಿ ನಾಲ್ಕು ಕಾಲೂ ಚೌಕಾಕಾರದಲ್ಲಿ, ಪಕ್ಕದಿಂದ ನೋಡಿದರೆ ಹಿಂಗಾಲಿನ ಕೆಳ ಮೂಳೆ ನೆಲಕ್ಕೆ ನೇರವಾಗಿ ನಿಲ್ಲಬೇಕು. ಕಾಲು ಮುಂದಕ್ಕೆ ಹೋದರೆ ಸೊಂಟ ಜಾರಿದಂತೆ, ಹಿಂದಕ್ಕೆ ಹೋದರೆ ಬೆನ್ನು ಉದ್ದವಾದಂತೆ ಕಾಣುತ್ತದೆ. ಲೀಡ್‌ನ ಸಣ್ಣ ಸೂಚನೆಗೆ ಒಂದೇ ಕಾಲು ಸರಿಸುವುದನ್ನು ಕಲಿಸಲು ತಿಂಗಳುಗಳೇ ಬೇಕು, ಪ್ರತಿದಿನ ಸ್ವಲ್ಪ ಹೊತ್ತು ಮಾಡಿ, ಕುದುರೆಗೆ ಬೇಸರ ಬರುವ ಮೊದಲು ನಿಲ್ಲಿಸಿ. ನಿಂತ ಮೇಲೆ ನೀವು ಕುದುರೆಯನ್ನೂ ನೋಡಿ, ಜಡ್ಜ್ ಎಲ್ಲಿದ್ದಾರೆ ಅನ್ನುವುದನ್ನೂ ನೋಡಿ. ಕೊನೆಯ ಸ್ಥಾನ ಹೇಳುವವರೆಗೂ ಕುದುರೆ ಮಟ್ಟಸವಾಗಿ ನಿಂತಿರಲಿ, ಜಡ್ಜ್ ಮತ್ತೆ ತಿರುಗಿ ನೋಡುವುದು ಮಾಮೂಲಿ.

ಎಣ್ಣೆ ಡಬ್ಬಿಗೆ ಯಾಕೆ 2 ಅಂಕ? ಮೂತಿ, ಕಣ್ಣಿನ ಸುತ್ತ ಹಚ್ಚಿದರೆ ಮುಖದ ಗೆರೆಗಳು ಎದ್ದು ಕಾಣುತ್ತವೆ, ಅದು ನಿಜ. ಆದರೆ ಇದು ತೀರಾ ಜಿಡ್ಡು, ಹಚ್ಚಿದ ಸ್ವಲ್ಪ ಹೊತ್ತಿಗೇ ಧೂಳು ಹಿಡಿಯುತ್ತದೆ. ಮೂಗಿನ ಮೇಲೆ ಗುಲಾಬಿ ಚರ್ಮ ಇರುವ ಕುದುರೆಗೆ ಬಿಸಿಲಲ್ಲಿ ಇಂಥ ಎಣ್ಣೆ ಹಚ್ಚಿ ಬಿಟ್ಟರೆ ಚರ್ಮ ಸುಡುತ್ತದೆ, ಡಬ್ಬಿ ಮೇಲೆ ಆ ಎಚ್ಚರಿಕೆಯೇ ಇಲ್ಲ. ಮೈದಾನಕ್ಕೆ ಇಳಿಯುವ ಮುಂಚೆ ತೆಳುವಾಗಿ ಒರೆಸಿ, ಹೊರಬಂದ ಕೂಡಲೇ ತೆಗೆದುಬಿಡಿ. ಬೇಬಿ ಆಯಿಲ್ ಇದೇ ಕೆಲಸ ಮಾಡುತ್ತದೆ. ಬಿಳಿ ಕಾಲಿಗೆ ಜೋಳದ ಪಿಷ್ಟ ಉಜ್ಜಿ ಕೊಡವಿದರೆ ಸಾಕು, ಅದಕ್ಕೂ ವಿಶೇಷ ಡಬ್ಬಿ ಬೇಡ.

ನಿಜವಾದ ಹೊಳಪು ಡಬ್ಬಿಯಲ್ಲಿ ಬರುವುದಿಲ್ಲ. ದಿನಾ ಬ್ರಷ್ ಹಾಕಿ ಮಾಲೀಸು ಮಾಡಬೇಕು, ಒಳ್ಳೆಯ ಮೇವು ಕೊಡಬೇಕು, ಜಂತುಹುಳುವಿನ ಔಷಧಿ ಪಶುವೈದ್ಯರನ್ನು ಕೇಳಿ ಹಾಕಿಸಬೇಕು. ಮೈ ತುಂಬಿರಬೇಕು, ಆದರೆ ಕೊಬ್ಬು ತುಂಬಿ ಅಲ್ಲ. ಕುದುರೆಯ ಮೈಕೊಬ್ಬು ಅಳೆಯಲು ಸಂಶೋಧಕ ಡಾನ್ ಹೆನೆಕೆ 1983ರಲ್ಲಿ ಪ್ರಕಟಿಸಿದ, 1 (ತೀರಾ ಬಡಕಲು) ರಿಂದ 9 (ತೀರಾ ಕೊಬ್ಬು) ವರೆಗಿನ ಅಳತೆ ಇದೆ, ಪಕ್ಕೆಲುಬು, ಭುಜದ ಹಿಂದೆ, ಬಾಲದ ಬುಡ ಮುಟ್ಟಿ ನೋಡಿ ಅಂಕ ಕೊಡುವುದು. ನಾನು 6ರ ಹತ್ತಿರ ಇಡುತ್ತೇನೆ. ಪಕ್ಕೆಲುಬು ಕಾಣಬಾರದು, ಮುಟ್ಟಿದರೆ ಸಿಗಬೇಕು. ಎಳೆ ಕುದುರೆಯನ್ನು ಸ್ನಾಯು ಬರಲಿ ಅಂತ ಸಣ್ಣ ವೃತ್ತದಲ್ಲಿ ಹೊತ್ತುಗಟ್ಟಲೆ ಓಡಿಸುವವರನ್ನು ನೋಡಿದರೆ ಸಂಕಟವಾಗುತ್ತದೆ. ಕೀಲುಗಳು ಇನ್ನೂ ಬೆಳೆಯುತ್ತಿರುತ್ತವೆ. ಕೈಯಲ್ಲಿ ಹಿಡಿದು ದೂರ ನಡೆಸುವುದು, ಏರು ಹತ್ತಿಸುವುದು ಎಷ್ಟೋ ಮೇಲು.

ಕೂದಲು ಕತ್ತರಿಸುವ ಬಗ್ಗೆ ಒಂದು ಮಾತು. ಹಾಲ್ಟರ್ ತಲೆಪಟ್ಟಿ ಕೂರುವ ಕಡೆ, ಕಿವಿ ಹಿಂದಿನ ಜೂಲು ಕತ್ತರಿಸಿದರೆ ಪಟ್ಟಿ ಮಟ್ಟಸವಾಗಿ ಕೂರುತ್ತದೆ. ದವಡೆ ಕೆಳಗೆ, ಗೊರಸಿನ ಮೇಲಿನ ಗಂಟಿನ ಹಿಂದೆ ಕೂಡ ಕ್ಲಿಪ್ಪರ್ ಹಾಕುತ್ತಾರೆ. ಶೋಗೆ ಒಂದೆರಡು ದಿನ ಮುಂಚೆ ಮಾಡಿದರೆ ಕ್ಲಿಪ್ಪರ್ ಗೆರೆಗಳು ಮಾಸುತ್ತವೆ. ಮೂತಿಯ ಮೀಸೆ ಮಾತ್ರ ಯೋಚಿಸಿ. ಕತ್ತಲಲ್ಲಿ, ಮೂತಿ ಹತ್ತಿರ ಏನಿದೆ ಅಂತ ಕುದುರೆಗೆ ತಿಳಿಯುವುದು ಆ ಕೂದಲಿನಿಂದ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2021ರ ಜುಲೈ 1ರಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನು ಕತ್ತರಿಸಿದ ಕುದುರೆಗಳಿಗೆ ಅವಕಾಶ ಇಲ್ಲ ಅಂದಿದೆ. ಎಷ್ಟೋ ಹಾಲ್ಟರ್ ಶೋಗಳಲ್ಲಿ ಈಗಲೂ ಬೋಳಿಸುತ್ತಾರೆ. ನಾನು ಬಿಡುತ್ತೇನೆ.

ಇನ್ನು ಹಾಲ್ಟರ್ ಕೊಳ್ಳುವುದಕ್ಕೂ ಮುಂಚಿನ ವಿಷಯ. ಹಾಲ್ಟರ್ ಕ್ಲಾಸ್‌ಗೆ ಅಂತಲೇ ಕುದುರೆ ಕೊಳ್ಳುತ್ತಿದ್ದರೆ ವಂಶ ಕೇಳಿ, ಜೀನ್ ಪರೀಕ್ಷೆಯ ಕಾಗದ ಕೇಳಿ. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಅನ್ನುವ ಗಂಡು ಕುದುರೆಯ ಮೈಕಟ್ಟು ಎಷ್ಟು ಜನಪ್ರಿಯವಾಯಿತು ಅಂದರೆ ಅದರ ಸಂತತಿ ಹಾಲ್ಟರ್ ಕ್ಲಾಸ್‌ಗಳನ್ನೆಲ್ಲ ತುಂಬಿತು. ಅದರ ಜೊತೆಗೇ ಎಚ್‌ವೈಪಿಪಿ ಅನ್ನುವ ಸ್ನಾಯು ಕಾಯಿಲೆಯೂ ಹರಡಿತು. ಸ್ನಾಯು ನಡುಗುವುದು, ಬಲ ಹೋಗುವುದು, ಕೆಲವೊಮ್ಮೆ ಕುಸಿದು ಬೀಳುವುದು. ತಂದೆ ತಾಯಿಯಲ್ಲಿ ಒಬ್ಬರಿಂದ ಇದರ ಜೀನ್ ಬಂದರೂ ಸಾಕು, ಮರಿಗೆ ಕಾಯಿಲೆ ತಗಲಬಹುದು. 2007ರಿಂದ ಹುಟ್ಟಿದ ಮರಿಗಳಲ್ಲಿ ಎರಡೂ ಕಡೆಯಿಂದ ಆ ಜೀನ್ ಬಂದಿದ್ದರೆ ಕ್ವಾರ್ಟರ್ ಹಾರ್ಸ್ ಸಂಸ್ಥೆ ನೋಂದಣಿಯನ್ನೇ ಮಾಡುವುದಿಲ್ಲ. ಕೂದಲು ಕಿತ್ತು ಕಳಿಸಿದರೆ ಪರೀಕ್ಷೆ ಆಗುತ್ತದೆ. ಎಷ್ಟು ಚಂದದ ಕುದುರೆಯಾದರೂ ಈ ಕಾಗದ ಇಲ್ಲದೆ ಮುಂಗಡ ಕೊಡಬೇಡಿ.

ಮತ್ತೆ ಸೆಟ್‌ಗೆ ಬರೋಣ. ಲೆದರ್ ಕಾಪಾಡುವುದು ಸುಲಭ. ಬಳಸಿದ ಮೇಲೆ ಬೆವರು, ಎಣ್ಣೆ ಒರೆಸಿ, ಸ್ಯಾಡಲ್ ಸೋಪಿನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ. ಲೋಹಕ್ಕೆ ಪಾಲಿಶ್ ಹಾಕುವಾಗ ಅಂಚಿನ ಲೆದರ್‌ಗೆ ತಾಗದಂತೆ ನೋಡಿಕೊಳ್ಳಿ, ಒಣಗಿದರೆ ಬಿಳಿ ಪುಡಿ ಹೊಲಿಗೆಯೊಳಗೆ ಕೂತುಬಿಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಬರುತ್ತದೆ. ಬಟ್ಟೆ ಚೀಲ ಒಳ್ಳೆಯದು. ಈ ಸೆಟ್ ಜೊತೆ ಬಟ್ಟೆ ಚೀಲ ಕೊಟ್ಟಿಲ್ಲ, ಕೊಡಬಹುದಿತ್ತು.

ಅರೇಬಿಯನ್ ಕುದುರೆ ಇರುವವರು ಇದನ್ನು ಕೊಳ್ಳಬೇಡಿ. ಆ ಕ್ಲಾಸ್‌ಗಳಲ್ಲಿ ದಾರದಷ್ಟು ತೆಳುವಾದ ಹಾಲ್ಟರ್ ಹಾಕುತ್ತಾರೆ, ನಿಲ್ಲಿಸುವ ರೀತಿಯೂ ಬೇರೆ, ಕತ್ತು ಚಾಚಿಸಿ, ಕಾಲು ಚೌಕ ಮಾಡದೆ ನಿಲ್ಲಿಸುತ್ತಾರೆ. ವರ್ಷದೊಳಗಿನ ಮರಿ ಇರುವವರೂ ಕಾಯಿರಿ. ಮರಿಯ ತಲೆ ಬೇಗ ಬೆಳೆಯುತ್ತದೆ, ಒಂದು ಸೀಸನ್‌ಗೆ ಸೆಕೆಂಡ್ ಹ್ಯಾಂಡ್ ಹಾಲ್ಟರ್ ಸಾಕು, ಬಕಲ್ ನಾಲಿಗೆ ಮತ್ತು ರಿಂಗ್ ಹತ್ತಿರದ ಮಡಿಕೆಯಲ್ಲಿ ಲೆದರ್ ಬಿರುಕು ಬಿಟ್ಟಿಲ್ಲ ಅಂತ ನೋಡಿ ಕೊಳ್ಳಿ. ಎರಡು ವರ್ಷ ದಾಟಿದ ಸ್ಟಾಕ್ ತಳಿಯ ಕುದುರೆ ಇದ್ದು, ಚೆನ್ನಾಗಿ ಕೂರುವ ಒಂದು ಹಾಲ್ಟರ್ ಬೇಕು ಅನ್ನುವವರು ಇದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಆರ್ಡರ್ ಮಾಡುವಾಗ ಮೂರು ಅಳತೆಗಳನ್ನೂ ಬರೆಯಿರಿ, ಹಾಲ್ಟರ್ ಚಿಕ್ಕ ಸೈಜ್ ಆದರೆ ಚೈನ್ 24 ಇಂಚಿನದೇ ಬೇಕು ಅಂತ ಸೇರಿಸಿ. ಎಣ್ಣೆ ಡಬ್ಬಿ ಬಿಟ್ಟು ಬೆಲೆ ಕಡಿಮೆ ಮಾಡುತ್ತೀರಾ ಅಂತಲೂ ಕೇಳಿ ನೋಡಿ.